‘ಇಲ್ಲ’ ಎಂದು ಬರೆಸುವವರು ನಾವೇ

ಕಳೆದ ವರ್ಷ ಉಪ್ಪಳದ ಒಂದು ಮದುವೆಯಲ್ಲಿ ಊಟ ಮುಗಿಸಿ ಹಾಲ್‌ನ ಹೊರಗೆ ಕುರ್ಚಿ ಎಳೆದುಕೊಂಡು ಐದಾರು ಮಂದಿ ಕೂತಿದ್ದೆವು. ನಮ್ಮ ಜೊತೆಗಿದ್ದ ಹಿರಿಯರೊಬ್ಬರ ಮಗ ಅಮೆರಿಕದಲ್ಲಿದ್ದಾನೆ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಆಗಿದೆ, ಈಗ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿದ್ದಾನೆ. ಅವರು ತಗ್ಗಿದ ದನಿಯಲ್ಲಿ ಕೇಳಿದರು: “ಕಾಲೇಜಿಗೆ ಹೋಗುವಾಗ ಅವನ ಮೇಲೆ ಒಂದು ಗಲಾಟೆ ಕೇಸ್ ಇತ್ತಲ್ಲ. ಅರ್ಜಿಯಲ್ಲಿ ಅದನ್ನೂ ಕೇಳ್ತಾರಂತೆ. ಎಂತ ಮಾಡುವುದು?”

ಯಾರೂ ಒಂದು ಕ್ಷಣ ಯೋಚಿಸಲಿಲ್ಲ. “ಇಲ್ಲ ಅಂತ ಹಾಕ್ಲಿಕ್ಕೆ ಹೇಳಿ ಕಾಕ. ಇಲ್ಲಿಯ ಕೇಸು ಅಲ್ಲಿಯವರಿಗೆ ಹೇಗೆ ಗೊತ್ತಾಗ್ತದೆ?” ಎಂದ ಒಬ್ಬ. “ನನ್ನ ಬಾವನ ಮಗ ಹಾಗೆಯೇ ಹಾಕಿದ್ದು, ಎಂತದೂ ಆಗಲಿಲ್ಲ” ಎಂದ ಇನ್ನೊಬ್ಬ. ಹಿರಿಯರ ಮುಖದಲ್ಲಿ ಸಮಾಧಾನ ಕಾಣಿಸಿತು. ಮಾತು ಬೇರೆ ಕಡೆ ಹೋಯಿತು.

ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ. ಯಾಕೆಂದರೆ ಆ ಕುರ್ಚಿಗಳಲ್ಲಿ ಕೂತಿದ್ದವರ ಪೈಕಿ, ಆ ಸಲಹೆಯ ಬೆಲೆ ಎಷ್ಟೆಂದು ಗೊತ್ತಿದ್ದವನು ನಾನೊಬ್ಬನೇ. ಕೆಲವು ವರ್ಷಗಳ ಹಿಂದೆ ಇದೇ ಸಲಹೆಯನ್ನು ನನ್ನ ಅಕ್ಕನ ಮಗನಿಗೆ ಕೊಟ್ಟವನು ನಾನೇ.

ಅಕ್ಕನ ಮಗ ಹತ್ತೊಂಬತ್ತನೇ ವಯಸ್ಸಿನಲ್ಲಿ ತಾಯಿ ತಂದೆಯ ಜೊತೆ ಅಲ್ಲಿಗೆ ಹೋದವನು. ಭಾವನ ಅಣ್ಣ ಹಾಕಿದ್ದ ಅರ್ಜಿ ಹಲವು ವರ್ಷ ಸರದಿಯಲ್ಲಿದ್ದು ಕೊನೆಗೆ ಒದಗಿ ಬಂದಿತ್ತು, ಇಳಿದ ದಿನದಿಂದಲೇ ಕಾಯಂ ನಿವಾಸಿ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ದೊಡ್ಡ ಅಂಗಡಿಯಿಂದ ಹೆಡ್‌ಫೋನ್ ಒಂದನ್ನು ಜಾಕೆಟ್ಟಿನೊಳಗೆ ಹಾಕಿಕೊಂಡು ಹೊರಗೆ ಬಂದ. ಬಾಗಿಲಲ್ಲೇ ಹಿಡಿದರು. ಪೊಲೀಸರು ಬಂದರು, ಬೆರಳಚ್ಚು ತೆಗೆದರು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ದಂಡ ಮತ್ತು ಕೆಲವು ದಿನದ ಸಮುದಾಯ ಸೇವೆ. ಆ ಅಪರಾಧಕ್ಕೆ ಅಲ್ಲಿ ಕೊಡಬಹುದಾದ ಗರಿಷ್ಠ ಶಿಕ್ಷೆಯೇ ಆರು ತಿಂಗಳು. ಇವನು ಒಂದು ದಿನವೂ ಜೈಲಿನಲ್ಲಿರಲಿಲ್ಲ. ಆದರೆ ಮನೆಯಲ್ಲಿ ಅದರ ಬಗ್ಗೆ ಮಾತಾಡುವುದೇ ನಿಂತುಹೋಯಿತು. ಅಕ್ಕ ಫೋನಿನಲ್ಲಿ ನನಗೊಬ್ಬನಿಗೇ ಹೇಳಿದ್ದು, ಅದೂ ಅಳುತ್ತಾ: “ಉಮ್ಮನಿಗೆ ಗೊತ್ತಾಗುವುದು ಬೇಡ.”

ಆರು ವರ್ಷದ ನಂತರ ಪೌರತ್ವದ ಅರ್ಜಿಯ ಸಮಯದಲ್ಲಿ ಅವನು ನನಗೆ ಫೋನ್ ಮಾಡಿದ. ನಾನು ಊರಲ್ಲಿ ಅರ್ಜಿ, ಕಾಗದ ಎಂದೆಲ್ಲ ಓಡಾಡುವವನು, ತಿಳಿದವನು ಎಂಬ ನಂಬಿಕೆ ಅವನದು. “ಮಾಮ, ಆ ವಿಷಯ ಹಾಕಬೇಕಾ?” ಎಂದು ಕೇಳಿದ. ನಾನು ಹೇಳಿದೆ: “ಅದು ಮುಗಿದುಹೋದ ಕಥೆ. ಇಲ್ಲ ಅಂತ ಹಾಕು.”

ಸಂದರ್ಶನದ ದಿನ ಅಧಿಕಾರಿ ಅವನಿಂದ ಪ್ರಮಾಣ ಮಾಡಿಸಿ, ಅರ್ಜಿಯ ಪ್ರಶ್ನೆಗಳನ್ನು ಒಂದೊಂದಾಗಿ ಮತ್ತೆ ಕೇಳಿದರು. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀಯಾ? ಇಲ್ಲ. ಎಂದಾದರೂ ನಿನ್ನ ಮೇಲೆ ಆರೋಪ ಹೊರಿಸಲಾಗಿದೆಯಾ? ಇಲ್ಲ. ಅಧಿಕಾರಿ ಕಡತದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅರ್ಜಿದಾರನ ಬೆರಳಚ್ಚು ತೆಗೆದು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಯ ದಾಖಲೆಗಳ ಜೊತೆ ತಾಳೆ ನೋಡಿದ ಮೇಲೆಯೇ ಸಂದರ್ಶನಕ್ಕೆ ಕರೆಯುವುದು ಎಂಬುದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಅರ್ಜಿ ತಿರಸ್ಕೃತವಾಯಿತು. ಬಂದ ಪತ್ರದಲ್ಲಿ ಬರೆದಿದ್ದ ಕಾರಣ ಕಳ್ಳತನವಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದು.

ಈ ಬರಹ ಬರೆಯುತ್ತಿರುವುದು ಇದಕ್ಕಾಗಿಯೇ. ನಮ್ಮ ಹುಡುಗರ ಹಳೆಯ ಕೇಸುಗಳು ಅವರನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ, ಆ ಕೇಸನ್ನು ಮುಚ್ಚಿಡಲು ನಾವು ಕಲಿಸುವ ‘ಇಲ್ಲ’ ಅವರನ್ನು ಕೆಡಿಸುತ್ತಿದೆ. ಇದನ್ನು ನಿಲ್ಲಿಸಬೇಕು.

ಕಾನೂನು ಏನು ಹೇಳುತ್ತದೆ ಎಂದು ನೋಡಿ. ಅಮೆರಿಕದ ಪೌರತ್ವದ ಅರ್ಜಿಗೆ ಎನ್-400 ಎಂದು ಹೆಸರು. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಆಗಿರಬೇಕು, ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಯಲ್ಲಿ ಬಾಳುತ್ತಿದ್ದರೆ ಮೂರು ವರ್ಷ ಸಾಕು. ಆ ಅವಧಿಯಲ್ಲಿ ಅರ್ಜಿದಾರ ‘ಒಳ್ಳೆಯ ನಡತೆ’ಯವನಾಗಿದ್ದ ಎಂದು ತೋರಿಸಬೇಕು. ಅದಕ್ಕೂ ಹಿಂದಿನ ನಡತೆಯನ್ನು ಅಧಿಕಾರಿ ಗಮನಿಸಬಹುದು, ಆದರೆ ಮುಖ್ಯವಾಗಿ ತೂಗುವುದು ಆ ಅವಧಿಯನ್ನು. ಕೊಲೆ ಮಾಡಿದವನಿಗೆ ಎಂದೆಂದಿಗೂ ಪೌರತ್ವವಿಲ್ಲ. 1990ರ ನವೆಂಬರ್ 29ರ ನಂತರ ‘ಅಗ್ರವೇಟೆಡ್ ಫೆಲನಿ’ ಎಂಬ ಪಟ್ಟಿಯ ಅಪರಾಧಕ್ಕೆ ಶಿಕ್ಷೆಯಾದವನಿಗೂ ಇಲ್ಲ. ಉಳಿದ ಹೆಚ್ಚಿನ ಅಪರಾಧಗಳಿಗೆ ಕಾಲ ಕಳೆದಂತೆ ದಾರಿಯಿದೆ. ನನ್ನ ಸೋದರಳಿಯನ ಅಪರಾಧ ಐದು ವರ್ಷದ ಅವಧಿಯ ಹೊರಗಿತ್ತು. ಒಳಗಿದ್ದರೂ, ಅದೊಂದೇ ಇದ್ದರೆ, ಅಂಥ ಸಣ್ಣ ಅಪರಾಧಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ. ‘ಹೌದು’ ಎಂದು ಬರೆದು, ನ್ಯಾಯಾಲಯದ ಕಾಗದ ಲಗತ್ತಿಸಿ, ದಂಡ ಕಟ್ಟಿದ ರಸೀದಿ ತೋರಿಸಿದ್ದರೆ ಬಹುಶಃ ಎರಡು ಪ್ರಶ್ನೆಯಲ್ಲಿ ಮುಗಿಯುತ್ತಿತ್ತು.

ಆದರೆ ಪೌರತ್ವ ಪಡೆಯುವುದಕ್ಕಾಗಿ ಪ್ರಮಾಣ ಮಾಡಿ ಬಾಯಲ್ಲಿ ಸುಳ್ಳು ಹೇಳಿದರೆ ಅದೇ ಒಂದು ಪ್ರತ್ಯೇಕ ತಡೆ. ಅಂದರೆ ಕ್ಷಮಿಸಬಹುದಾಗಿದ್ದ ಹಳೆಯ ತಪ್ಪನ್ನು ಮುಚ್ಚಲು ಹೋಗಿ, ಅವನು ಹೊಸದೊಂದನ್ನು ಅಧಿಕಾರಿಯ ಮುಂದೆಯೇ, ಅವಧಿಯ ಒಳಗೇ ಮಾಡಿದ. ಐದು ವರ್ಷದ ಲೆಕ್ಕ ಸಂದರ್ಶನದ ಆ ದಿನದಿಂದ ಮತ್ತೆ ಶುರುವಾಯಿತು.

“ನ್ಯಾಯಾಧೀಶರೇ ಕೇಸ್ ಮುಗಿಯಿತು ಎಂದಿದ್ದಾರೆ, ದಾಖಲೆ ಅಳಿಸಿದ್ದಾರೆ, ಮತ್ಯಾಕೆ ಹೇಳಬೇಕು?” ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಅರ್ಜಿಯಲ್ಲೇ ಇದೆ. ದಾಖಲೆ ಮುಚ್ಚಿದ್ದರೂ, ಅಳಿಸಿದ್ದರೂ, ಇನ್ನು ನಿನ್ನ ಮೇಲೆ ದಾಖಲೆ ಇಲ್ಲ ಎಂದು ನ್ಯಾಯಾಧೀಶರೋ ಪೊಲೀಸರೋ ವಕೀಲರೋ ಹೇಳಿದ್ದರೂ, ಹೌದು ಎಂದೇ ಉತ್ತರಿಸಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಪ್ರಶ್ನೆ ಅಮೆರಿಕದೊಳಗಿನ ಬಂಧನಕ್ಕೆ ಸೀಮಿತವಲ್ಲ, ಜಗತ್ತಿನ ಎಲ್ಲಿಯಾದರೂ ಆದದ್ದಕ್ಕೆ ಸೇರುತ್ತದೆ. ಮಂಜೇಶ್ವರದ ಠಾಣೆಯೂ ಜಗತ್ತಿನೊಳಗೇ ಇದೆ.

ಈಗ ಮದುವೆಯ ಹಾಲ್‌ನ ಹೊರಗಿನ ವಾದಗಳಿಗೆ ಬರೋಣ.

“ಇಲ್ಲಿಯ ಕೇಸು ಅಲ್ಲಿಗೆ ಹೇಗೆ ಗೊತ್ತಾಗ್ತದೆ?” ನಿಜ, ನಮ್ಮೂರಿನ ಎಫ್‌ಐಆರ್ ಎಫ್‌ಬಿಐಯ ಬೆರಳಚ್ಚಿನ ಕಡತದಲ್ಲಿ ಇರಲಿಕ್ಕಿಲ್ಲ. ಆದರೆ ಗ್ರೀನ್ ಕಾರ್ಡಿಗೆ ಮೊದಲು ವಲಸೆ ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಕೊಟ್ಟಿದ್ದೀರಿ, ಅಲ್ಲಿಯೂ ಇದೇ ಪ್ರಶ್ನೆಗೆ ಉತ್ತರ ಬರೆದಿದ್ದೀರಿ. ಅದೆಲ್ಲ ಕಡತದಲ್ಲಿದೆ. ಇನ್ನೊಂದು ಮಾತು. ಜಾಗದ ತಕರಾರು, ಮದುವೆ ಮುರಿದ ಸಿಟ್ಟು, ಪಾಲುದಾರಿಕೆಯ ಜಗಳ ಬಂದಾಗ ಹೆಸರಿಲ್ಲದ ಅರ್ಜಿ ಬರೆಯುವುದರಲ್ಲಿ ನಮ್ಮವರಷ್ಟು ಜಾಣರು ಯಾರಿದ್ದಾರೆ? ನಿಮ್ಮ ಮಗನ ಗುಟ್ಟು ಅಮೆರಿಕಕ್ಕೆ ತಿಳಿಯದಿರಬಹುದು, ಊರಿಗೆ ತಿಳಿದಿದೆ. ಊರಿನ ಬಾಯಿಯ ಕೈಯಲ್ಲಿ ಮಗನ ಜೀವಮಾನವನ್ನು ಒಪ್ಪಿಸಿ ನಿದ್ದೆ ಮಾಡುತ್ತೀರಾ?

“ಅವನು ಸುಳ್ಳು ಹಾಕಿದ, ಎಂತದೂ ಆಗಲಿಲ್ಲ.” ಇಲ್ಲಿಯವರೆಗೆ ಆಗಲಿಲ್ಲ ಎಂದು ಹೇಳಿ. ಮೋಸದಿಂದ ಪಡೆದ ಪೌರತ್ವವನ್ನು ಸಿವಿಲ್ ದಾವೆಯ ಮೂಲಕ ಹಿಂದಕ್ಕೆ ಪಡೆಯಲು ಅಲ್ಲಿ ಕಾಲಮಿತಿಯೇ ಇಲ್ಲ. ಇಪ್ಪತ್ತು ವರ್ಷ ಕಳೆದರೂ ಕಡತ ತೆರೆಯಬಹುದು. ಕ್ರಿಮಿನಲ್ ಮೊಕದ್ದಮೆಗೆ ಹತ್ತು ವರ್ಷದ ಅವಕಾಶವಿದೆ. ತಂದೆಯ ಪೌರತ್ವದಿಂದ ಮಕ್ಕಳಿಗೆ ಬಂದ ಪೌರತ್ವಕ್ಕೂ ಕುತ್ತು ಬರಬಹುದು. ಇನ್ನು ನಮ್ಮ ಕಡೆಯ ಕಾನೂನು: 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವ‌ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಒಸಿಐ ಕಾರ್ಡ್ ಪೌರತ್ವವಲ್ಲ. ಅಮೆರಿಕದ್ದು ಕಿತ್ತುಕೊಂಡರೆ ಇಲ್ಲಿಯದು ತಾನಾಗಿ ಮರಳಿ ಬರುವುದಿಲ್ಲ. ಪೌರತ್ವ ಎಂಬ ಶಬ್ದ ಕೇಳಿದರೆ ಬೆಚ್ಚಿ ಬಿದ್ದು ಅಜ್ಜನ ಕಾಲದ ಕಾಗದ ಹುಡುಕಿದವರು ನಾವು. ಅಂಥ ನಾವೇ ಮಕ್ಕಳ ಪೌರತ್ವವನ್ನು ಒಂದು ಸುಳ್ಳಿನ ಮೇಲೆ ನಿಲ್ಲಿಸುತ್ತಿದ್ದೇವೆ.

ಸ್ವಲ್ಪ ಓದಿಕೊಂಡವರು ಇನ್ನೊಂದು ವಾದ ತರುತ್ತಾರೆ: ಸಣ್ಣ ಸುಳ್ಳಿಗೆ ಪೌರತ್ವ ಕಿತ್ತುಕೊಳ್ಳಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ? ಹೇಳಿದೆ. ಮಾಸ್ಲೆಂಜಕ್ ಎಂಬ ಬೋಸ್ನಿಯಾದ ನಿರಾಶ್ರಿತೆಯ ಪ್ರಕರಣದಲ್ಲಿ 2017ರಲ್ಲಿ, ಆ ಸುಳ್ಳಿಗೂ ಪೌರತ್ವ ಸಿಕ್ಕಿದ್ದಕ್ಕೂ ಸಂಬಂಧವಿರಬೇಕು ಎಂದು ಹೇಳಿತು. ಅದಕ್ಕಿಂತ ಹಿಂದೆ, 1988ರ ಇನ್ನೊಂದು ತೀರ್ಪಿನಲ್ಲಿ, ನಾಚಿಕೆಯಿಂದ ಅಥವಾ ಭಯದಿಂದ ಹೇಳಿದ ಸುಳ್ಳಿಗೂ ಪೌರತ್ವ ಗಿಟ್ಟಿಸಲೆಂದೇ ಹೇಳಿದ ಸುಳ್ಳಿಗೂ ವ್ಯತ್ಯಾಸವಿದೆ ಎಂದು ಗುರುತಿಸಿತ್ತು. ನನ್ನ ಸೋದರಳಿಯನ ಸುಳ್ಳು ನಾಚಿಕೆಯದು ಎಂದು ನನಗೆ ಗೊತ್ತು, ಯಾಕೆಂದರೆ ಆ ನಾಚಿಕೆಯನ್ನು ಅವನಿಗೆ ಕಲಿಸಿದವರು ನಾವು. ಆದರೆ ಪೌರತ್ವದ ಅರ್ಜಿಯ ಕೋಣೆಯಲ್ಲಿ ಕೂತು ಹೇಳಿದ ಸುಳ್ಳನ್ನು ಪೌರತ್ವಕ್ಕಾಗಿ ಹೇಳಿದ್ದಲ್ಲ ಎಂದು ಯಾರಿಗೆ ನಂಬಿಸುತ್ತೀರಿ? ಎಷ್ಟು ವರ್ಷ, ಎಷ್ಟು ಡಾಲರ್ ಖರ್ಚು ಮಾಡಿ? ಸುಪ್ರೀಂ ಕೋರ್ಟಿನವರೆಗೆ ಹೋದವರ ಗೆಲುವನ್ನು ನೋಡಿ ನಮ್ಮ ಹುಡುಗರಿಗೆ ಸುಳ್ಳು ಹೇಳಿಕೊಡುವುದು, ಕಡಲಿಗೆ ಬಿದ್ದು ಬದುಕಿ ಬಂದವನನ್ನು ತೋರಿಸಿ ಈಜು ಬಾರದವನನ್ನು ನೀರಿಗೆ ತಳ್ಳಿದ ಹಾಗೆ.

ಈ ‘ಇಲ್ಲ’ ನಮಗೆ ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ನಾವು ಹುಟ್ಟಾ ಸುಳ್ಳರಲ್ಲ. ಇದು ಗಲ್ಫ್ ಕಲಿಸಿದ ಪಾಠ. ಐವತ್ತು ವರ್ಷದಿಂದ ನಮ್ಮ ಮನೆಗಳು ನಡೆದದ್ದು ಅಲ್ಲಿಯ ದುಡ್ಡಿನಿಂದ. ಅಲ್ಲಿ ನಮಗೆ ಪೌರತ್ವದ ಆಸೆಯೂ ಇರಲಿಲ್ಲ, ದಾರಿಯೂ ಇರಲಿಲ್ಲ. ಮೂವತ್ತು ವರ್ಷ ದುಡಿದವನೂ ವೀಸಾ ಇರುವವರೆಗಿನ ಕೆಲಸಗಾರ. ಪೊಲೀಸ್ ಕೇಸು ಎಂದರೆ ವೀಸಾ ರದ್ದು, ಊರಿಗೆ ವಾಪಸು, ಮತ್ತೆ ಕಾಲಿಡದ ಹಾಗೆ ನಿಷೇಧ. ಅಂಥ ಕಡೆ ಬಾಯಿ ಮುಚ್ಚಿಕೊಂಡಿರುವುದೇ ಬದುಕುವ ದಾರಿಯಾಗಿತ್ತು. ಅದಕ್ಕಾಗಿ ನಮ್ಮ ಉಪ್ಪಂದಿರನ್ನು ನಾನು ದೂರುವುದಿಲ್ಲ.

ಆದರೆ ಆ ಪಾಠವನ್ನು ಹಾಗೆಯೇ ಹೊತ್ತುಕೊಂಡು ಅಮೆರಿಕಕ್ಕೆ ಹೋದೆವು. ಅಲ್ಲಿಯ ವ್ಯವಸ್ಥೆ ಬೇರೆ. ಅದು ಮೊದಲು ನಿನ್ನನ್ನೇ ಕೇಳುತ್ತದೆ, ಉತ್ತರವನ್ನು ಬರೆದಿಟ್ಟುಕೊಳ್ಳುತ್ತದೆ, ನಂತರ ತಾಳೆ ನೋಡುತ್ತದೆ. ಊರಿನಲ್ಲಿಯೂ ಇದೇ ಅಭ್ಯಾಸವನ್ನು ಬೆಳೆಸಿಕೊಂಡೆವು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಬಾಕಿ ಕೇಸಿನ ಪ್ರಶ್ನೆ ಬಂದಾಗ ‘ಇಲ್ಲ’ ಎಂದು ಟಿಕ್ ಮಾಡಿಸುವ ಅಂಗಡಿಗಳು ನಮ್ಮ ಪೇಟೆಗಳಲ್ಲಿ ಎಷ್ಟಿಲ್ಲ? ಬಾಕಿ ಕೇಸು ಇದ್ದರೂ ನ್ಯಾಯಾಲಯದ ಅನುಮತಿ ತಂದು ಪಾಸ್‌ಪೋರ್ಟ್ ಪಡೆಯುವ ದಾರಿಯನ್ನು 1993ರ ಅಧಿಸೂಚನೆಯೇ ಮಾಡಿಕೊಟ್ಟಿದೆ. ವಿಷಯ ಮುಚ್ಚಿಟ್ಟರೆ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟನ್ನೇ ಜಪ್ತಿ ಮಾಡಬಹುದು, ಶಿಕ್ಷೆಯೂ ಇದೆ. ನೇರ ದಾರಿ ಇದ್ದಾಗಲೂ ಬೇಲಿ ಹಾರುವುದು ನಮಗೆ ರೂಢಿಯಾಗಿದೆ.

ಇದರ ಅರ್ಥ ಅಮೆರಿಕದ ಕಾನೂನು ನ್ಯಾಯದ ಪರಮಾವಧಿ ಎಂದಲ್ಲ. ಅದರಲ್ಲಿ ದೊಡ್ಡ ಅನ್ಯಾಯವಿದೆ, ಅದನ್ನೂ ಹೇಳಲೇಬೇಕು. ‘ಅಗ್ರವೇಟೆಡ್ ಫೆಲನಿ’ ಎಂಬ ಪಟ್ಟಿಯನ್ನು 1988ರಲ್ಲಿ ಮಾಡಿದಾಗ ಅದರಲ್ಲಿದ್ದದ್ದು ಕೊಲೆ, ಮಾದಕ ದ್ರವ್ಯ ಸಾಗಾಟ, ಅಕ್ರಮ ಶಸ್ತ್ರ ಮಾರಾಟ. 1996ರಲ್ಲಿ ಅದನ್ನು ಎಷ್ಟು ಹಿಗ್ಗಿಸಿದರೆಂದರೆ, ಒಂದು ವರ್ಷದ ಶಿಕ್ಷೆ ವಿಧಿಸಿದ ಕಳ್ಳತನವೂ ಅದರೊಳಗೆ ಬಂತು. ಆ ಶಿಕ್ಷೆಯನ್ನು ನ್ಯಾಯಾಧೀಶರು ಅಮಾನತಿನಲ್ಲಿಟ್ಟು ಆರೋಪಿಯನ್ನು ಮನೆಗೆ ಕಳಿಸಿದ್ದರೂ ಲೆಕ್ಕಕ್ಕೆ ಒಂದು ವರ್ಷವೇ. ಒಂದು ದಿನವೂ ಜೈಲು ನೋಡದವನು ಕೊಲೆಗಾರನ ಪಕ್ಕದ ಸಾಲಿನಲ್ಲಿ ನಿಲ್ಲುತ್ತಾನೆ. ರಾಜ್ಯದ ನ್ಯಾಯಾಲಯ ಶಿಕ್ಷೆಯನ್ನು ಘೋಷಿಸದೆ ತಡೆಹಿಡಿದಿದ್ದರೂ, ತಪ್ಪೊಪ್ಪಿಗೆಯೂ ಒಂದಿಷ್ಟು ದಂಡವೋ ನಿರ್ಬಂಧವೋ ಇದ್ದರೆ ವಲಸೆ ಕಾನೂನಿಗೆ ಅದು ಶಿಕ್ಷೆಯೇ. ಗಾಂಜಾದ ವಿಷಯ ಇನ್ನೂ ವಿಚಿತ್ರ: ರಾಜ್ಯವೇ ಪರವಾನಗಿ ಕೊಟ್ಟ ಅಂಗಡಿಯಿಂದ ಕೊಂಡು ಸೇದಿದ್ದನ್ನೂ ಪೌರತ್ವದ ಅಧಿಕಾರಿ ಕೆಟ್ಟ ನಡತೆ ಎಂದು ಎಣಿಸಬಹುದು ಎಂದು 2019ರಲ್ಲಿ ಇಲಾಖೆ ಹೇಳಿತು. ನೆರೆಮನೆಯ ಅಮೆರಿಕನ್ ಹುಡುಗ ಮಾಡುವುದನ್ನು ನೋಡಿ ಮಾಡಿದ ನಮ್ಮ ಹುಡುಗನಿಗೆ ಆ ರಿಯಾಯಿತಿ ಇಲ್ಲ.

ಇಂಥ ಕಾನೂನಿನ ಮುಂದೆ ಸತ್ಯ ಹೇಳು ಎಂದರೆ ಕತ್ತು ಕೊಡು ಎಂದ ಹಾಗಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕೆಲವರಿಗೆ ಅರ್ಜಿ ಹಾಕುವುದೇ ಅಪಾಯ. ಗಡೀಪಾರಿಗೆ ಕಾರಣವಾಗಬಲ್ಲ ಶಿಕ್ಷೆ ಇರುವವನು ಎನ್-400 ಹಾಕಿದರೆ, ಪೌರತ್ವದ ಬದಲು ಗಡೀಪಾರು ಪ್ರಕರಣದ ನೋಟಿಸು ಬರಬಹುದು. ಅವನಿಗೆ ಸರಿಯಾದ ಸಲಹೆ ‘ಇಲ್ಲ ಎಂದು ಹಾಕು’ ಎಂಬುದಲ್ಲ, ‘ಈಗ ಹಾಕಬೇಡ’ ಎಂಬುದು. ಅರ್ಜಿ ಹಾಕದಿರುವುದು ಸುಳ್ಳಲ್ಲ, ಅಪರಾಧವೂ ಅಲ್ಲ. ಗ್ರೀನ್ ಕಾರ್ಡಿನಲ್ಲೇ ಬಾಳುವುದು ಅವಮಾನವಲ್ಲ. ಕಾರ್ಡ್ ನವೀಕರಣದಲ್ಲಿ ಮತ್ತು ಊರಿಗೆ ಬಂದು ಹಿಂತಿರುಗುವಾಗ ವಿಮಾನ ನಿಲ್ದಾಣದಲ್ಲಿ ಅವನ ದಾಖಲೆ ಮತ್ತೆ ನೋಡುತ್ತಾರೆ, ಆದ್ದರಿಂದ ಪ್ರಯಾಣಕ್ಕೆ ಮೊದಲೂ ವಕೀಲರನ್ನು ಕೇಳಬೇಕು. ಪ್ರೊಬೇಷನ್ ಇನ್ನೂ ಮುಗಿಯದವನಿಗೆ ಅದು ಮುಗಿಯುವವರೆಗೆ ಪೌರತ್ವ ಮಂಜೂರಾಗುವುದಿಲ್ಲ, ಅವನು ಕಾಯಬೇಕು. ಸಣ್ಣ, ಹಳೆಯ ಪ್ರಕರಣದವನು ಎಲ್ಲ ಕಾಗದದೊಂದಿಗೆ ‘ಹೌದು’ ಎಂದು ಬರೆದು ಹೋಗಬೇಕು. ಅರ್ಜಿಯಲ್ಲಿ ಈಗಾಗಲೇ ತಪ್ಪು ಬರೆದಿದ್ದರೂ, ಸಂದರ್ಶನದ ಶುರುವಿನಲ್ಲೇ, ಅಧಿಕಾರಿ ಹಾಳೆ ತೆಗೆಯುವ ಮೊದಲೇ, ತಾನಾಗಿ ತಿದ್ದಿಸಿಕೊಂಡರೆ ಉಳಿಯುವ ದಾರಿ ಇದೆ. ಹಾಳೆ ಮೇಜಿಗೆ ಬಂದ ಮೇಲೆ ನೆನಪಾಯಿತು ಎಂದರೆ ಪ್ರಯೋಜನವಿಲ್ಲ.

ಯಾರು ಯಾವ ಸಾಲಿಗೆ ಸೇರುತ್ತಾರೆ ಎಂದು ಹೇಳಬೇಕಾದವರು ವಲಸೆ ಕಾನೂನು ಬಲ್ಲ ವಕೀಲರು. ಮದುವೆ ಹಾಲ್‌ನ ಹೊರಗೆ ಕೂತ ನಾವಲ್ಲ. ಕ್ರಿಮಿನಲ್ ವಕೀಲರಿಗೂ ಇದು ಗೊತ್ತಿರಬೇಕೆಂದಿಲ್ಲ. ಹೋಸೆ ಪಡಿಲ್ಲಾ ಎಂಬುವರು ಹೊಂಡುರಾಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಂ ನಿವಾಸಿಯಾಗಿದ್ದವರು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಆ ದೇಶದ ಸೇನೆಯಲ್ಲಿದ್ದವರು. ಕೆಂಟಕಿಯಲ್ಲಿ ಲಾರಿಯಲ್ಲಿ ಗಾಂಜಾ ಸಾಗಿಸಿದ ಪ್ರಕರಣದಲ್ಲಿ, ಇಷ್ಟು ವರ್ಷ ಇದ್ದವನಿಗೆ ವಲಸೆಯ ಚಿಂತೆ ಬೇಡ ಎಂದು ವಕೀಲರು ಹೇಳಿದ್ದನ್ನು ನಂಬಿ ತಪ್ಪೊಪ್ಪಿಕೊಂಡರು. ಆ ತಪ್ಪೊಪ್ಪಿಗೆಯಿಂದಲೇ ಗಡೀಪಾರಿನ ಕತ್ತಿ ತಲೆಯ ಮೇಲೆ ಬಂತು. 2010ರಲ್ಲಿ ಸುಪ್ರೀಂ ಕೋರ್ಟ್, ಗಡೀಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ಅವರ ಪರವಾಗಿ ತೀರ್ಪು ಕೊಟ್ಟಿತು. ಕಲಿತ ವಕೀಲರ ತಪ್ಪು ಸಲಹೆಗೇ ಇಷ್ಟು ಬೆಲೆ ಇದ್ದರೆ, ನನ್ನಂಥ ಮಾಮಂದಿರ ಸಲಹೆಗೆ ಎಷ್ಟು?

ಅರ್ಜಿಯ ಶುಲ್ಕ 2024ರ ಏಪ್ರಿಲ್‌ನಿಂದ ಕಾಗದದಲ್ಲಿ ಹಾಕಿದರೆ 760 ಡಾಲರ್, ಆನ್‌ಲೈನ್‌ನಲ್ಲಿ 710. ಅಷ್ಟು ಕಟ್ಟುವ ಮೊದಲು ಒಮ್ಮೆ ವಕೀಲರ ಮುಂದೆ ಕೂರುವುದಕ್ಕೆ ಕೊಡುವ ಹಣವನ್ನು ನಾವು ದಂಡ ಎಂದು ಎಣಿಸುತ್ತೇವೆ. ಮದುವೆಯ ಸ್ಟೇಜ್ ಅಲಂಕಾರಕ್ಕೆ ಅದರ ಎಷ್ಟು ಪಟ್ಟು ಸುರಿಯುತ್ತೇವೆ ಎಂಬ ಲೆಕ್ಕ ನಿಮಗೇ ಬಿಟ್ಟೆ.

ಕಾಸರಗೋಡಿನ ನಮಗೆ ಇನ್ನೊಂದು ತೊಡಕಿದೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಠಾಣೆಯಲ್ಲಿ ಮಲಯಾಳ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನ ಮೇಲಿನ ಎಫ್‌ಐಆರ್ ಅವನಿಗೆ ಓದಲು ಬಾರದ ಲಿಪಿಯಲ್ಲಿದೆ. ತನ್ನ ಮೇಲೆ ಯಾವ ಕಲಮು ಹಾಕಿದ್ದಾರೆ, ಕೇಸು ವಜಾ ಆಯಿತೋ, ಖುಲಾಸೆಯಾಯಿತೋ, ದಂಡ ಕಟ್ಟಿ ಮುಗಿಸಿದ್ದೋ, ಅಥವಾ ಆರೋಪಿ ವಿದೇಶದಲ್ಲಿದ್ದಾನೆ ಎಂದು ಬಾಕಿ ಉಳಿಸಿದ್ದಾರೋ ಎಂಬುದೇ ಎಷ್ಟೋ ಮಂದಿಗೆ ಗೊತ್ತಿಲ್ಲ. “ಅದು ಅಂದೇ ಮುಗಿಯಿತು” ಎಂದು ಉಪ್ಪ ಹೇಳಿದ್ದೇ ದಾಖಲೆ. ಅಮೆರಿಕದ ಇಲಾಖೆಗೆ ಬೇಕಾದದ್ದು ನ್ಯಾಯಾಲಯದ ದೃಢೀಕೃತ ಪ್ರತಿ, ಅದರ ಪೂರ್ತಿ ಇಂಗ್ಲಿಷ್ ಅನುವಾದ, ಅನುವಾದ ಸರಿಯಾಗಿದೆ ಎಂಬ ಅನುವಾದಕರ ಹೇಳಿಕೆ. ಹಳೆಯ ಕಡತ ಹುಡುಕಿಸಲು ತಿಂಗಳುಗಟ್ಟಲೆ ಓಡಾಡಬೇಕು. ಈ ಓಡಾಟದ ಆಯಾಸಕ್ಕೇ ಎಷ್ಟೋ ಜನ ‘ಇಲ್ಲ’ ಎಂದು ಹಾಕುತ್ತಾರೆ.

ಇಲ್ಲಿ ನಮ್ಮ ಜಮಾಅತ್‌ಗಳು, ಯುವಕ ಸಂಘಗಳು, ಗಲ್ಫ್‌ನ ಒಕ್ಕೂಟಗಳು ಏನು ಮಾಡುತ್ತಿವೆ? ಸ್ವಾಗತ ಕಮಾನು ಹಾಕುತ್ತವೆ, ಸನ್ಮಾನ ಮಾಡುತ್ತವೆ, ಶಾಲು ಹೊದಿಸುತ್ತವೆ. ನ್ಯಾಯಾಲಯದ ಪ್ರತಿ ತೆಗೆಸಿಕೊಡಲು, ಮಲಯಾಳದಿಂದ ಇಂಗ್ಲಿಷಿಗೆ ಅನುವಾದ ಮಾಡಿಸಲು, ಬಾಕಿ ಕೇಸನ್ನು ಮುಗಿಸಲು ಒಬ್ಬ ಕಿರಿಯ ವಕೀಲನನ್ನು ವಾರಕ್ಕೊಂದು ದಿನ ಕೂರಿಸಲು ಅವಕ್ಕೆ ಎಷ್ಟು ಖರ್ಚಾದೀತು? ನಮ್ಮಲ್ಲೇ ಕಾನೂನು ಓದಿದ ಹುಡುಗ ಹುಡುಗಿಯರು ಇದ್ದಾರೆ. ಅವರನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟದ್ದು ಸಾಕು, ಕೆಲಸ ಕೊಡಿ.

ಕೊನೆಯದಾಗಿ, ಎಲ್ಲಕ್ಕಿಂತ ಕಹಿಯಾದ ಮಾತು. ಹುಡುಗ ಸುಳ್ಳು ಹೇಳುವುದು ಅಮೆರಿಕದ ಅಧಿಕಾರಿಗೆ ಹೆದರಿ ಮಾತ್ರವಲ್ಲ, ನಮಗೆ ಹೆದರಿ. ಒಮ್ಮೆ ಠಾಣೆಗೆ ಹೋದವನನ್ನು ನಾವು ಏನೆಂದು ಕರೆಯುತ್ತೇವೆ? ‘ಕೇಸ್ ಇದ್ದವ’. ತಂಗಿಯ ಸಂಬಂಧ ಕೇಳಲು ಬಂದವರ ಕಿವಿಗೆ ಯಾರೋ ಅದನ್ನು ಊದುತ್ತಾರೆ. ಹತ್ತು ವರ್ಷ ಕಳೆದರೂ ಆ ಹೆಸರು ಹೋಗುವುದಿಲ್ಲ. ಅದೇ ಹಣವಂತನ ಮೇಲೆ ಮೋಸದ ಕೇಸಿದ್ದರೆ ಅವನಿಗೆ ಮುಂದಿನ ಸಾಲಿನ ಕುರ್ಚಿ, ಕೈಯಲ್ಲಿ ಮೈಕ್. ಹೆಡ್‌ಫೋನ್ ಕದ್ದ ಹುಡುಗನ ತಾಯಿ ಮಾತ್ರ ತಲೆ ತಗ್ಗಿಸಿ ನಡೆಯಬೇಕು. ಅಮೆರಿಕದ ಕಾನೂನಿಗೆ ಕ್ಷಮೆ ಗೊತ್ತಿಲ್ಲ ಎಂದು ನಾನು ಮೇಲೆ ದೂರಿದೆ. ಆ ಕಾನೂನು ಸಣ್ಣ ತಪ್ಪನ್ನು ಐದು ವರ್ಷಕ್ಕೆ ಮರೆಯಲು ತಯಾರಿತ್ತು. ನಾವು ತಯಾರಿರಲಿಲ್ಲ.

ನನ್ನ ಉಮ್ಮ ತೀರಿಕೊಂಡಾಗ ಅವನಿಗೆ ಬರಲಾಗಲಿಲ್ಲ. ಈ ವಿಷಯ ತೀರುವವರೆಗೆ ದೇಶ ಬಿಟ್ಟು ಹೋಗಬೇಡ, ಹಿಂತಿರುಗುವಾಗ ತಡೆದಾರು ಎಂದು ವಕೀಲರು ಹೇಳಿದ್ದರು. ಅವನು ಹತ್ತೊಂಬತ್ತು ವರ್ಷ ಆ ಅಜ್ಜಿಯ ಕೈತುತ್ತು ತಿಂದು ಬೆಳೆದವನು. ವಿಡಿಯೊ ಕರೆಯಲ್ಲಿ ಮಯ್ಯತ್ ತೋರಿಸಿದೆವು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಉಮ್ಮನಿಗೆ ಕೊನೆಯವರೆಗೂ ವಿಷಯ ಹೇಳಲಿಲ್ಲ. ಮೊಮ್ಮಗ ಯಾಕೆ ಬರುವುದಿಲ್ಲ ಎಂದು ಕೇಳುತ್ತಲೇ ಹೋದರು. ಹೇಳಿದ್ದರೆ ಅವರು ಅವನನ್ನು ಬೈಯುತ್ತಿದ್ದರು, ಆಮೇಲೆ ಊಟ ಮಾಡಿದೆಯಾ ಎಂದು ಕೇಳುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು.

ಐದು ವರ್ಷ ಕಳೆದ ಮೇಲೆ ಅವನು ಮತ್ತೆ ಅರ್ಜಿ ಹಾಕಿದ್ದಾನೆ. ಈ ಸಲ ಹೆಡ್‌ಫೋನಿನ ವಿಷಯ ಬರೆದಿದ್ದಾನೆ, ಹಿಂದಿನ ಸಂದರ್ಶನದಲ್ಲಿ ಸುಳ್ಳು ಹೇಳಿದ್ದನ್ನೂ ಬರೆದಿದ್ದಾನೆ. ಕಾಯುತ್ತಿದ್ದಾನೆ.

ಉಪ್ಪಳದ ಮದುವೆಯ ಮರುದಿನ ಆ ಹಿರಿಯರಿಗೆ ನಾನು ಫೋನ್ ಮಾಡಿದೆ. ಮಗ ಗ್ರೀನ್ ಕಾರ್ಡಿನ ಅರ್ಜಿಯಲ್ಲಿ ಏನು ಬರೆದಿದ್ದಾನೆ ಎಂದು ಮೊದಲು ನೋಡಲಿ, ತನ್ನ ಕಡತದ ಪ್ರತಿಯನ್ನು ಇಲಾಖೆಯಿಂದಲೇ ಕೇಳಿ ಪಡೆಯಬಹುದು, ನೀವು ಇಲ್ಲಿ ನ್ಯಾಯಾಲಯದಿಂದ ಕೇಸಿನ ಪ್ರತಿ ತೆಗೆಸಿ, ಎರಡನ್ನೂ ಹಿಡಿದು ಅವನು ವಲಸೆ ವಕೀಲರನ್ನು ಕಾಣುವವರೆಗೆ ಅರ್ಜಿ ಬೇಡ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ನೀನು ನಿನ್ನೆಯೇ ಯಾಕೆ ಹೇಳಲಿಲ್ಲ?”

“ಎಲ್ಲರ ಎದುರು ಹೇಳಲಿಕ್ಕೆ ನಾಚಿಕೆಯಾಯಿತು ಕಾಕ” ಎಂದೆ.

ಆ ನಾಚಿಕೆ ಬಿಟ್ಟು ಇವತ್ತು ಎಲ್ಲರ ಎದುರು ಬರೆದಿದ್ದೇನೆ. ನಿಮ್ಮ ಮನೆಯ ಕಪಾಟಿನಲ್ಲೂ ಅಂಥ ಒಂದು ಕಾಗದ ಇದ್ದರೆ ಹೊರಗೆ ತೆಗೆಯಿರಿ. ಓದಲು ಬಾರದಿದ್ದರೆ ಓದಬಲ್ಲವರಿಂದ ಓದಿಸಿ. ಮಗನಿಗೆ ಫೋನ್ ಮಾಡಿ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಇನ್ನು ಯಾರಿಂದಲೂ ಮುಚ್ಚಿಡಬೇಕಾಗಿಲ್ಲ ಎಂದು ಹೇಳಿ.